ಜನ ಯಾರ ಕಡೆ?

ಪ್ರಿಯ ಓದುಗರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಯೋಚಿಸಿ ಬರೆದಿದ್ದೀರಿ. ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದ ಶುಲ್ಕ ಏರಿಕೆ ವಿರುದ್ಧ ಬೀದಿಗಿಳಿಯುವ ವಿದ್ಯಾರ್ಥಿಗಳ ಪರವಾಗಿ ಕಳೆದ ಸಂಚಿಕೆಯಲ್ಲಿ ಸಂಪಾದಕೀಯ ಬರೆದಿದ್ದೆ. ಅದರಲ್ಲಿ "ಜನ ವಿದ್ಯಾರ್ಥಿಗಳ ಜೊತೆಗಿದ್ದಾರೆ" ಎಂಬ ಸಾಲಿತ್ತು. ಇದು ಸುಳ್ಳು ಅನ್ನುತ್ತೀರಿ ನೀವು. ನಿಮ್ಮ ಸುತ್ತ ಯಾರನ್ನು ಕೇಳಿದರೂ "ಓದಲು ಬಂದವರು ಓದಲಿ" ಅನ್ನುತ್ತಾರಂತೆ. ರಸ್ತೆ ತಡೆಯಿಂದಾಗಿ ನಿಮ್ಮ ತಾಯಿಯನ್ನು ಹೇಳಿದ ಹೊತ್ತಿಗೆ ಡಾಕ್ಟರ ಹತ್ತಿರ ಕರೆದೊಯ್ಯಲು ಆಗಲಿಲ್ಲ. ಇವರದ್ದು ಬರೀ ಸ್ವಾರ್ಥ ಅನ್ನುವುದು ನಿಮ್ಮ ಇನ್ನೊಂದು ಮಾತು. ಕೊನೆಯದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ನಿಮ್ಮ ದೊಡ್ಡ ಮಗ ಕಾಲೇಜಿಗೆ ಹೋಗಲಿಲ್ಲ, ದುಡಿಯುತ್ತಿದ್ದಾನೆ, ತೆರಿಗೆ ಕಟ್ಟುತ್ತಿದ್ದಾನೆ. ಬೇರೆಯವರ ಮಕ್ಕಳ ಪದವಿಗೆ ಅವನ ದುಡ್ಡು ಯಾಕೆ ಹೋಗಬೇಕು?

ಮೊದಲ ಮಾತು ಒಪ್ಪಿದೆ. ಆ ಸಾಲು ನಾನು ಬರೆಯಬಾರದಿತ್ತು. ಮೆರವಣಿಗೆಯ ನಡುವೆ ನಿಂತವರಿಗೆ ಊರೇ ಜೊತೆಗಿದೆ ಅನ್ನಿಸುತ್ತದೆ. ಅವತ್ತು ಕೆಲಸಕ್ಕೆ ಹೋದವರು, ಮನೆಯಲ್ಲೇ ಉಳಿದವರು ಕಣ್ಣಿಗೆ ಬೀಳುವುದಿಲ್ಲ. ನನಗೂ ಬೀಳಲಿಲ್ಲ.

ಹಿಂದೆ ತಿರುಗಿ ನೋಡಿದರೆ, ವಿದ್ಯಾರ್ಥಿಗಳು ಬೀದಿಗಿಳಿದಾಗ ಜನ ಮೊದಲು ಅವರ ಮೇಲೇ ಮುನಿಸಿಕೊಂಡದ್ದು ಕಾಣುತ್ತದೆ. ಒಂದು ಉದಾಹರಣೆ ಮನಸ್ಸಿನಿಂದ ಹೋಗುವುದಿಲ್ಲ. ಅದು ಶುಲ್ಕದ ಹೋರಾಟವಲ್ಲ, ವಿಯೆಟ್ನಾಂ ಯುದ್ಧದ ವಿರುದ್ಧದ್ದು. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಹಾರಿಸಿದ ಗುಂಡಿಗೆ 4 ವಿದ್ಯಾರ್ಥಿಗಳು ಸತ್ತರು. ಆಮೇಲೆ ಗ್ಯಾಲಪ್ ಸಂಸ್ಥೆ ಜನಾಭಿಪ್ರಾಯ ಸಮೀಕ್ಷೆ ನಡೆಸಿತು. ತಪ್ಪು ವಿದ್ಯಾರ್ಥಿಗಳದ್ದೇ ಅಂದವರು ನೂರಕ್ಕೆ 58 ಮಂದಿ. ಗುಂಡು ಹಾರಿಸಿದವರದ್ದು ಅಂದವರು ನೂರಕ್ಕೆ 11 ಮಂದಿ ಮಾತ್ರ. ಸತ್ತವರಲ್ಲಿ ಇಬ್ಬರು ಪ್ರತಿಭಟನೆಯಲ್ಲಿ ಇರಲೇ ಇಲ್ಲ.

ಹಾಗಾಗಿ ಹೆಚ್ಚು ಜನ ಬೇಡ ಅಂದ ಮಾತ್ರಕ್ಕೆ ಬೇಡಿಕೆ ತಪ್ಪಾಗುವುದಿಲ್ಲ. ಬೇಕು ಅಂದ ಮಾತ್ರಕ್ಕೆ ಸರಿಯೂ ಆಗುವುದಿಲ್ಲ. ಜನ ಜೊತೆಗಿದ್ದಾರೆ ಎಂದು ಹೇಳಿ ನಿಮ್ಮನ್ನು ಒಪ್ಪಿಸಲು ಹೋದದ್ದೇ ನನ್ನ ತಪ್ಪು. ಕಾರಣ ಕೊಟ್ಟು ಒಪ್ಪಿಸಬೇಕಿತ್ತು.

ಆದರೆ "ಜನ ವಿದ್ಯಾರ್ಥಿಗಳ ವಿರುದ್ಧ ಇದ್ದಾರೆ" ಎಂಬ ನಿಮ್ಮ ಮಾತನ್ನೂ ಹಾಗೇ ಒಪ್ಪಲಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2012ರಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ ವರ್ಷದ ಶುಲ್ಕ 2,168 ಡಾಲರ್ ಇತ್ತು. ಐದು ವರ್ಷದಲ್ಲಿ ಅದಕ್ಕೆ 1,625 ಡಾಲರ್ ಸೇರಿಸಲು ಸರ್ಕಾರ ಹೊರಟಿತು. ಏರಿದ ಮೇಲೂ ಅದು ಕೆನಡಾದ ಬೇರೆ ಹಲವು ಪ್ರಾಂತ್ಯಗಳಿಗಿಂತ ಕಡಿಮೆಯೇ. ಹಾಗಾಗಿ "ಇಷ್ಟಕ್ಕೆಲ್ಲ ಯಾಕೆ ಗಲಾಟೆ" ಎಂದು ಕೇಳಿದವರು ಬೇಕಾದಷ್ಟು. ಸಮೀಕ್ಷೆಗಳಲ್ಲೂ ಜಾಸ್ತಿ ಜನ ಏರಿಕೆಯ ಪರವೇ ಇದ್ದರು. ಫೆಬ್ರವರಿಯಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಮುಷ್ಕರ ಹೂಡಿದರು. ಎದೆಯ ಮೇಲೆ ಕೆಂಪು ಬಟ್ಟೆಯ ಪುಟ್ಟ ಚೌಕ ಸಿಕ್ಕಿಸಿಕೊಂಡರು. ಸಾಲದಲ್ಲಿ ಮುಳುಗಿದ್ದೇವೆ ಎಂಬುದಕ್ಕೆ ಅದು ಗುರುತು. ಮೂರು ತಿಂಗಳು ಕಳೆದರೂ ಎರಡೂ ಕಡೆಯವರು ಸಡಿಲಾಗಲಿಲ್ಲ.

ಮೇ 18ರಂದು ಸರ್ಕಾರ ಒಂದು ವಿಶೇಷ ಕಾನೂನು ತಂದಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವುದಾದರೆ 8 ಗಂಟೆ ಮೊದಲೇ ಪೊಲೀಸರಿಗೆ ತಿಳಿಸಬೇಕು, ಹೋಗುವ ದಾರಿಯನ್ನೂ ಹೇಳಬೇಕು. ಅಲ್ಲಿಂದ ಗಾಳಿ ತಿರುಗಿತು. ರಾತ್ರಿ 8 ಗಂಟೆ ಆದರೆ ಸಾಕು, ಜನ ಪಾತ್ರೆ, ಸೌಟು ಹಿಡಿದು ಬಾಲ್ಕನಿಗೆ, ಬೀದಿಗೆ ಬಂದು ಬಡಿಯತೊಡಗಿದರು. ವಯಸ್ಸಾದವರು ಬಂದರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬಂದರು. ಇವರೆಲ್ಲ ರಾತ್ರೋರಾತ್ರಿ ಶುಲ್ಕದ ಬಗ್ಗೆ ಮನಸ್ಸು ಬದಲಿಸಿದರೇ? ನನಗೆ ಹಾಗನ್ನಿಸುವುದಿಲ್ಲ. ಏರಿಕೆ ಸರಿ ಎಂದು ನಂಬಿಕೊಂಡೇ, ಆ ಕಾನೂನು ತಪ್ಪು ಎಂದು ಪಾತ್ರೆ ಬಡಿದವರೂ ಅವರಲ್ಲಿ ಇದ್ದಿರಬೇಕು. ಸೆಪ್ಟೆಂಬರ್ 4ರ ಚುನಾವಣೆಯಲ್ಲಿ ಆ ಸರ್ಕಾರ ಬಿತ್ತು. ಪ್ರಾಂತ್ಯ ಸರ್ಕಾರದ ಮುಖ್ಯಸ್ಥ ಜಾನ್ ಶಾರೆ ತಮ್ಮ ಕ್ಷೇತ್ರದಲ್ಲೇ ಸೋತರು. ಹೊಸ ಸರ್ಕಾರ ಏರಿಕೆಯನ್ನು ಕೈಬಿಟ್ಟಿತು. ಮರುವರ್ಷ ಅದೇ ಸರ್ಕಾರ ವರ್ಷಕ್ಕೆ ನೂರಕ್ಕೆ 3ರಷ್ಟು ಏರಿಸುವ ತೀರ್ಮಾನಕ್ಕೆ ಬಂತು ಅನ್ನುವುದನ್ನೂ ಮುಚ್ಚಿಡಬಾರದು.

ಜನ ಯಾರ ಕಡೆ ಅನ್ನುವ ಒಂದೇ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಏರಿಕೆ ಸರಿಯೇ? ಪ್ರತಿಭಟನೆಯ ರೀತಿ ಸರಿಯೇ? ಸರ್ಕಾರ ಅವರನ್ನು ನಡೆಸಿಕೊಂಡ ರೀತಿ ಸರಿಯೇ? ಒಬ್ಬನೇ ಮನುಷ್ಯ ಮೂರಕ್ಕೂ ಬೇರೆ ಬೇರೆ ಉತ್ತರ ಕೊಡುತ್ತಾನೆ. ನೀವೂ ಹಾಗೇ ಅಲ್ವಾ? ನಿಮ್ಮ ಪತ್ರದಲ್ಲಿ ರಸ್ತೆ ತಡೆಯ ಮೇಲಿನ ಸಿಟ್ಟು ಒಂದೂವರೆ ಪುಟ ಇದೆ. ಶುಲ್ಕ ಎಷ್ಟಿರಬೇಕು ಅನ್ನುವುದು ಒಂದು ಸಾಲೂ ಇಲ್ಲ.

ಆ ರಸ್ತೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ತಾಯಿಗೆ ಆದ ತೊಂದರೆಗೆ ಯಾವ ಸಮರ್ಥನೆಯೂ ಇಲ್ಲ. ರೋಗಿಗಳಿಗೆ ದಾರಿ ಬಿಡದ ಹೋರಾಟ ತಪ್ಪು. ಇದನ್ನು ವಿದ್ಯಾರ್ಥಿಗಳಿಗೂ ಇಷ್ಟೇ ನೇರವಾಗಿ ಹೇಳುತ್ತೇನೆ. ಅವರ ಹೋರಾಟಕ್ಕೂ ಇದರಿಂದ ನಷ್ಟ. 2010ರ ನವೆಂಬರ್ 10ರಂದು ಲಂಡನ್ನಿನಲ್ಲಿ ಶುಲ್ಕ ಏರಿಕೆ ವಿರುದ್ಧ ಹತ್ತಾರು ಸಾವಿರ ವಿದ್ಯಾರ್ಥಿಗಳು ಶಾಂತವಾಗಿ ನಡೆದರು. ಕೆಲವರು ಆಳುವ ಪಕ್ಷದ ಕಚೇರಿ ಇದ್ದ ಮಿಲ್‌ಬ್ಯಾಂಕ್ ಕಟ್ಟಡದ ಗಾಜು ಒಡೆದು ಒಳನುಗ್ಗಿದರು. ಒಬ್ಬ ಮೇಲಿನಿಂದ ಬೆಂಕಿ ಆರಿಸುವ ಸಿಲಿಂಡರ್ ಎಸೆದ. ಜನರ ನೆನಪಿನಲ್ಲಿ ಉಳಿದದ್ದು ಆ ಸಿಲಿಂಡರ್. ಉಳಿದವರ ಮಾತು ಯಾರ ಕಿವಿಗೂ ಬೀಳಲಿಲ್ಲ.

ಬೇರೆ ದಾರಿಯೂ ಇದೆ ಅನ್ನಲು ಜರ್ಮನಿಯ ಬವೇರಿಯಾ ಇದೆ. ಅಲ್ಲಿ ಮತದಾರರಲ್ಲಿ ನೂರಕ್ಕೆ 10 ಮಂದಿ ಎರಡು ವಾರದೊಳಗೆ ಸ್ಥಳೀಯ ಕಚೇರಿಗೆ ಹೋಗಿ ಸಹಿ ಹಾಕಿದರೆ ಶಾಸನಸಭೆ ಆ ಬೇಡಿಕೆಯನ್ನು ಚರ್ಚೆಗೆ ಎತ್ತಿಕೊಳ್ಳಲೇಬೇಕು. 2013ರ ಜನವರಿಯಲ್ಲಿ ಶುಲ್ಕ ಬೇಡ ಎಂದು 13 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ವರ್ಷ ಶುಲ್ಕ ರದ್ದಾಯಿತು. ಆದರೆ ಇಂಥ ಬಾಗಿಲು ಎಷ್ಟು ಕಡೆ ತೆರೆದಿದೆ ಹೇಳಿ. ಅರ್ಜಿ ಕೊಟ್ಟರೆ ಓದುವವರಿಲ್ಲ, ಸಭೆಗೆ ಕರೆಯುವವರಿಲ್ಲ. ಕೊನೆಗೆ ಉಳಿಯುವುದು ರಸ್ತೆಯೇ.

ಸ್ವಾರ್ಥ ಎಂಬ ಮಾತನ್ನು ಮಾತ್ರ ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ವರ್ಷದ ಶುಲ್ಕದ ಮಿತಿ 3,290 ಪೌಂಡಿನಿಂದ 9,000 ಪೌಂಡಿಗೆ ಏರಿತು. 2010ರ ಡಿಸೆಂಬರ್ 9ರಂದು ಸಂಸತ್ತಿನಲ್ಲಿ ಅದು ಬರೀ 21 ಮತಗಳ ಅಂತರದಲ್ಲಿ ಪಾಸಾಯಿತು. ಜಾರಿಗೆ ಬಂದದ್ದು 2012ರಿಂದ, ಹೊಸದಾಗಿ ಸೇರುವವರಿಗೆ. ಅಂದರೆ ಅವತ್ತು ಚಳಿಯಲ್ಲಿ ಬೀದಿಯಲ್ಲಿ ನಿಂತಿದ್ದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆ ಹೊಸ ಶುಲ್ಕ ಕಟ್ಟಬೇಕಾಗಿಯೇ ಇರಲಿಲ್ಲ. ಅವರು ನಿಂತದ್ದು ಇನ್ನೂ ಶಾಲೆಯಲ್ಲಿದ್ದ ತಮ್ಮ-ತಂಗಿಯರಿಗಾಗಿ.

ಈಗ ನಿಮ್ಮ ಮಗನ ಪ್ರಶ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಪದವಿ ಪಡೆದವರು ಸಾಮಾನ್ಯವಾಗಿ ಜಾಸ್ತಿ ಸಂಪಾದಿಸುತ್ತಾರೆ. ಅವರ ಓದಿಗೆ ಪದವಿ ಇಲ್ಲದವರ ತೆರಿಗೆ ಹೋಗುವುದು ಎಲ್ಲಿಯ ನ್ಯಾಯ ಎಂದು ಕೇಳುವುದು ಸರಿಯೇ ಇದೆ. ಶುಲ್ಕ ಎಲ್ಲರಿಗೂ ಕಡಿಮೆ ಇದ್ದರೆ ಶ್ರೀಮಂತರ ಮಕ್ಕಳಿಗೂ ಅದರ ಲಾಭ ಸಿಗುತ್ತದೆ, ಅದೂ ನಿಜ. ಆದರೆ ಹೆಚ್ಚು ಸಂಪಾದಿಸುವವರಿಂದ ಹೆಚ್ಚು ತೆರಿಗೆ ತೆಗೆದುಕೊಂಡರೆ ಆ ದುಡ್ಡು ವಾಪಸ್ ಬರುತ್ತದೆ. ಮೊದಲೇ ಬಾಗಿಲಲ್ಲಿ ಕೈ ಚಾಚಿದರೆ, ದುಡ್ಡಿಲ್ಲದವರು ಆ ಬಾಗಿಲಿಂದಲೇ ಹಿಂದೆ ಹೋಗುತ್ತಾರೆ. ಅಷ್ಟೇ ಅಲ್ಲ, ನಿಮ್ಮ ತಾಯಿಯನ್ನು ನೋಡುವ ಡಾಕ್ಟರು ಯಾರದೋ ತೆರಿಗೆಯಿಂದ ಓದಿರಬಹುದು. ನಿಮ್ಮ ಮಗ ಕಟ್ಟಿದ್ದು ಬೇರೆಯವರ ಮನೆಗೆ ಮಾತ್ರ ಹೋಗುವುದಿಲ್ಲ.

ಇಂಗ್ಲೆಂಡಿನದ್ದೇ ಇನ್ನೊಂದು ವಿಷಯ ನಿಮ್ಮ ಮಗನಿಗೆ ನೇರವಾಗಿ ತಟ್ಟುತ್ತದೆ. ಶುಲ್ಕ ಏರಿದಾಗ ಬಡ ಮನೆಯ ಹುಡುಗರು ಓದು ಬಿಡುತ್ತಾರೆ ಎಂದು ಹಲವರು ಹೆದರಿದ್ದರು. ಶಾಲೆ ಮುಗಿಸಿ ನೇರ ಕಾಲೇಜಿಗೆ ಬರುವವರ ವಿಷಯದಲ್ಲಿ ಹಾಗಾಗಲಿಲ್ಲ. ಶುಲ್ಕ ಮೊದಲೇ ಕಟ್ಟಬೇಕಿರಲಿಲ್ಲ, ಸಾಲವಾಗಿ ಸಿಗುತ್ತಿತ್ತು, ಸಂಬಳ ಒಂದು ಮಟ್ಟ ಮುಟ್ಟಿದ ಮೇಲೆ ತೀರಿಸಿದರೆ ಸಾಕಿತ್ತು. ನನ್ನ ವಾದಕ್ಕೆ ಇದು ಒಗ್ಗದಿದ್ದರೂ ಹೇಳಲೇಬೇಕು. ಆದರೆ ಕೆಲಸ ಮಾಡುತ್ತಲೇ ಅರೆಕಾಲಿಕವಾಗಿ ಓದುವವರ ಸಂಖ್ಯೆ ತೀರಾ ಕುಸಿಯಿತು. ಸಂಸಾರ ಇರುವವರು, ವಯಸ್ಸು ಸ್ವಲ್ಪ ಮೀರಿದವರು ಅಷ್ಟು ದೊಡ್ಡ ಸಾಲಕ್ಕೆ ಕೈ ಹಾಕಲಿಲ್ಲ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿದೆ. ಬರೆಯುವ ಭರದಲ್ಲಿ ನೀವು ಅದನ್ನು ಗಮನಿಸಿದ್ದೀರೋ ಇಲ್ಲವೋ. "ದೊಡ್ಡವನಿಗೂ ಓದುವ ಆಸೆ ಇತ್ತು, ಆ ವರ್ಷ ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ" ಎಂದು ಬರೆದಿದ್ದೀರಿ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈ ವಿದ್ಯಾರ್ಥಿಗಳು ಯಾರಿಗಾಗಿ ಕೂಗುತ್ತಿದ್ದಾರೆ ಎಂದು ನನ್ನನ್ನು ಕೇಳಿದ್ದೀರಿ. ನಿಮ್ಮ ಮಗನಂಥವರಿಗಾಗಿ ಎಂದೇ ನಾನು ನಂಬಿದ್ದೇನೆ. ನಿಮ್ಮ ಮಗನ ಉತ್ತರ ಬೇರೆಯೇ ಇರಬಹುದು. ನಿಮ್ಮ ಮೂಲಕ ಅವರ ಪ್ರಶ್ನೆ ನನಗೆ ಬಂತು, ಅವರ ಮಾತು ಬರಲಿಲ್ಲ.

ಕಳೆದ ಸಂಚಿಕೆಯ ಆ ಸಾಲಿಗೆ ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ, ಸಂಪಾದಕೀಯ ಬರುವ ಪುಟದಲ್ಲೇ ಹಾಕಿದ್ದೇವೆ. ನಿಮ್ಮ ಮಗ ಬರೆಯಲು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅವರಿಗೆ ಎರಡು ಪುಟ ಇಟ್ಟಿರುತ್ತೇನೆ. ವಿದ್ಯಾರ್ಥಿಗಳ ವಿರುದ್ಧ ಬರೆದರೂ ಒಂದು ಅಕ್ಷರ ತೆಗೆಯುವುದಿಲ್ಲ. ನಿಮ್ಮ ತಾಯಿ ಈಗ ಹೇಗಿದ್ದಾರೆ, ತಿಳಿಸಿ.

ನಿಮ್ಮ,
ಸಂಪಾದಕ