‘ಗ್ಯಾಸು ಕಣವ್ವ, ಹೊತ್ತು ಹುಟ್ಲಿ’

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 58 ವರ್ಷ, ಶುಗರ್ ಇದೆ. ಕಳೆದ ತಿಂಗಳು ರಾತ್ರಿ ಎರಡು ಗಂಟೆಗೆ ಎದೆ ಭಾರ ಅಂತ ಎದ್ದು ಕೂತರು. ಮೈಯೆಲ್ಲ ಬೆವರು. ಆಸ್ಪತ್ರೆಗೆ ಹೋಗೋಣ ಅಂದೆ. ‘ಗ್ಯಾಸು ಕಣವ್ವ, ಹೊತ್ತು ಹುಟ್ಲಿ’ ಅಂದರು. ಬೆಳಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದು ಕುಸಿದರು. ಮೈಸೂರಿನಲ್ಲಿ ಸ್ಟೆಂಟ್ ಹಾಕಿದ್ದಾರೆ, ಆದರೆ ಹೃದಯದ ಪಂಪಿಂಗ್ ಕಮ್ಮಿಯಾಗಿದೆಯಂತೆ. ಜನ ಯಾಕೆ ಹೀಗೆ ತಡ ಮಾಡ್ತಾರೆ? ನಾನು ಹಟ ಮಾಡಬೇಕಿತ್ತಾ?

ಉತ್ತರ: ತಪ್ಪು ನಿಮ್ಮದಲ್ಲಮ್ಮ. ಮೊದಲು ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ನೋವು ಯಾವಾಗ ಶುರುವಾಯಿತು ಅಂತ ನಾವು ಕೇಳಿದಾಗ ಎಷ್ಟೋ ರೋಗಿಗಳು ‘ಈಗ ಬೆಳಗ್ಗೆ’ ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಮೆಲ್ಲಗೆ ಹೇಳುತ್ತಾರೆ, ‘ರಾತ್ರಿಯೇ ಎದ್ದು ಕೂತಿದ್ರು ಸಾರ್.’ ದಾರಿಗಿಂತ ಜಾಸ್ತಿ ಹೊತ್ತು ಕಳೆಯುವುದು ಮನೆಯೊಳಗೆ, ಹೋಗೋಣವೋ ಬೇಡವೋ ಅನ್ನುವುದರಲ್ಲೇ.

ಇದು ಬರೀ ಮೊಂಡುತನ ಅಲ್ಲ. ಹೃದಯದ ಕೆಳಭಾಗಕ್ಕೆ ರಕ್ತ ನಿಂತರೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಕರಿಕೆ ಬರಬಹುದು. ಥೇಟ್ ಗ್ಯಾಸಿನ ಹಾಗೇ. ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಒಮ್ಮೊಮ್ಮೆ ಸ್ವಲ್ಪ ದಾರಿ ಬಿಡುತ್ತದೆ, ಮತ್ತೆ ಮುಚ್ಚುತ್ತದೆ. ನೋವೂ ಹಾಗೇ ಬಂದು ಹೋಗುತ್ತದೆ. ಅಷ್ಟರಲ್ಲಿ ಕಷಾಯ ಕುಡಿದು ಒಂದು ತೇಗು ಬಂದರೆ ‘ನೋಡಿದ್ಯಾ, ಗ್ಯಾಸೇ’ ಅಂತ ಎಲ್ಲರೂ ನಂಬಿಬಿಡುತ್ತಾರೆ. ಇನ್ನು ಶುಗರ್ ಹಳೆಯದಾದರೆ ನರಗಳು ಮಂಕಾಗಿ ನೋವು ಗೊತ್ತೇ ಆಗದಿರಬಹುದು. ಹೆಂಗಸರಲ್ಲಿ ಎಷ್ಟೋ ಸಲ ಏದುಸಿರು, ಸುಸ್ತು, ದವಡೆ ಅಥವಾ ಬೆನ್ನು ನೋವೇ ಮುಂದಾಗಿರುತ್ತದೆ. ಸಿನಿಮಾದಲ್ಲಿ ಎದೆ ಹಿಡಿದು ಬೀಳುವುದನ್ನು ನೋಡಿದ ನಮಗೆ ಇದು ಹಾರ್ಟ್ ಅಟ್ಯಾಕ್ ಅನ್ನಿಸುವುದೇ ಇಲ್ಲ.

ಜೊತೆಗೆ ಸಂಕೋಚ. ನಡುರಾತ್ರಿ ಯಾರನ್ನು ಎಬ್ಬಿಸೋದು? ದುಡ್ಡು ಎಲ್ಲಿಂದ? ಹೋದಮೇಲೆ ಏನೂ ಇಲ್ಲ ಅಂದರೆ ನಗೆಪಾಟಲು ಅಲ್ವಾ? ಇಸಿಜಿ ಸರಿಯಿದ್ದು ಮನೆಗೆ ವಾಪಸ್ ಹೋಗುವವರನ್ನು ನೋಡಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ. ನಗುವ ಮಾತೇ ಇಲ್ಲ.

ಅದಕ್ಕೇ ನಾನು ಹೇಳುವುದು ಒಂದೇ: ನೋವು ಬಂದವರನ್ನು ‘ಹೋಗೋಣವಾ’ ಅಂತ ಕೇಳಬೇಡಿ. ಅವರು ಬೇಡ ಅನ್ನುತ್ತಾರೆ. ಪಕ್ಕದಲ್ಲಿ ಇರುವವರು ತೀರ್ಮಾನ ಮಾಡಿ ‘ಹೊರಡೋಣ’ ಅನ್ನಬೇಕು. ರಕ್ತ ಪೂರ್ತಿ ನಿಂತರೆ ಅರ್ಧ ಗಂಟೆಯ ಆಸುಪಾಸಿನಲ್ಲೇ ಹೃದಯದ ಮಾಂಸ ಸಾಯಲು ಶುರುವಾಗುತ್ತದೆ. ಸತ್ತಿದ್ದು ಮತ್ತೆ ಬೆಳೆಯುವುದಿಲ್ಲ. ನಿಮ್ಮಪ್ಪನ ಪಂಪಿಂಗ್ ಕಮ್ಮಿಯಾಗಿದ್ದು ಹೀಗೇ.

ಎದೆ ಭಾರ, ತಣ್ಣನೆ ಬೆವರು ಅಂದರೆ ಹದಿನೈದು ನಿಮಿಷ ಕೂಡ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು. ನೇರ ಮೈಸೂರಿಗೇ ಅಂತ ಹಟ ಬೇಡ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಮೊದಲ ಇಸಿಜಿ ಸರಿಯಿದ್ದೂ ನೋವು ಹೋಗದಿದ್ದರೆ ಇನ್ನೊಂದು ತೆಗೆಯಿರಿ ಅಂತ ಕೇಳಿ. ಕೇಳುವುದು ತಪ್ಪಲ್ಲ.

ನಿಮ್ಮಪ್ಪನ ವಿಷಯಕ್ಕೆ ಬಂದರೆ, ಪಂಪಿಂಗ್ ಎಷ್ಟೋ ಜನರಲ್ಲಿ ಮಾತ್ರೆಯಿಂದ ಸ್ವಲ್ಪ ಸುಧಾರಿಸುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಿ. ಸ್ಟೆಂಟ್ ಆದಮೇಲೆ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆಯನ್ನು ಹಲ್ಲು ಕೀಳಿಸಬೇಕಾದರೂ ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.