ಫ್ರಾಂಕನ್‌ಸ್ಟೈನ್: ಅಷ್ಟೇ ಆಸೆಯಿದ್ದ ವಾಲ್ಟನ್ ಉಳಿದ, ವಿಕ್ಟರ್ ಯಾಕೆ ನಾಶವಾದ?

ಮೇರಿ ಶೆಲ್ಲಿಯ ಈ ಕಾದಂಬರಿ ಬಂದದ್ದು 1818ರಲ್ಲಿ. ಯಾರೂ ಮಾಡದ್ದನ್ನು ತಾನು ಮಾಡಬೇಕು ಎಂಬ ಹಸಿವು ಇಬ್ಬರಿಗೂ ಇದೆ. ವಿಜ್ಞಾನ ಓದುವ ವಿಕ್ಟರ್ ಫ್ರಾಂಕನ್‌ಸ್ಟೈನ್‌ಗೆ ಜೀವ ಹುಟ್ಟಿಸುವ ಹಂಬಲ, ಹಡಗಿನ ನಾಯಕ ವಾಲ್ಟನ್‌ಗೆ ಉತ್ತರ ಧ್ರುವ ಮುಟ್ಟುವ ಹಂಬಲ.

ನನ್ನ ಪ್ರಕಾರ ವ್ಯತ್ಯಾಸ ಇರುವುದು ಆಸೆಯಲ್ಲಿ ಅಲ್ಲ, ಬೇರೆಯವರ ಮಾತಿಗೆ ಕಿವಿ ಕೊಡುವುದರಲ್ಲಿ. ವಿಕ್ಟರ್ ತಾನು ಓದುತ್ತಿದ್ದ ಜರ್ಮನಿಯ ಇಂಗೋಲ್‌ಸ್ಟಾಟ್ ಊರಿನಲ್ಲಿ ಒಬ್ಬನೇ, ಗುಟ್ಟಾಗಿ ಕೆಲಸ ಮಾಡಿದ. ಮನೆಗೆ ಕಾಗದ ಬರೆಯುವುದನ್ನೂ ಬಿಟ್ಟ. ತಾನು ಮಾಡಿದ ಜೀವಿ ಕಣ್ಣು ಬಿಟ್ಟ ರಾತ್ರಿಯೇ ಹೆದರಿ ಓಡಿದ. ಆಮೇಲೆ ತಮ್ಮ ವಿಲಿಯಂ, ಗೆಳೆಯ ಕ್ಲೆರ್ವಲ್, ಹೆಂಡತಿ ಎಲಿಜಬೆತ್, ಎಲ್ಲರೂ ಅದರ ಕೈಯಲ್ಲಿ ಸತ್ತರು. ವಿಲಿಯಂನನ್ನು ಕೊಂದಳೆಂದು, ಮಾಡದ ತಪ್ಪಿಗೆ ಮನೆಗೆಲಸದ ಜಸ್ಟಿನ್ ನೇಣಿಗೇರಿದಳು. ಪಾಪ, ಅವಳದ್ದು ಯಾವ ಮಹತ್ವಾಕಾಂಕ್ಷೆಯೂ ಇರಲಿಲ್ಲ ಅಲ್ವಾ?

ವಾಲ್ಟನ್ ಮಾತ್ರ ತನ್ನ ಸೋದರಿ ಮಾರ್ಗರೆಟ್‌ಗೆ ಪತ್ರ ಬರೆಯುತ್ತಲೇ ಇದ್ದ. ಹಡಗು ಹಿಮದಲ್ಲಿ ಸಿಕ್ಕಿಕೊಂಡಾಗ ನಾವಿಕರು ವಾಪಸ್ ಹೋಗೋಣ ಎಂದು ಪಟ್ಟು ಹಿಡಿದರು. ತುಂಬಾ ಬೇಸರವಾದರೂ ಒಪ್ಪಿಕೊಂಡ.

ನನ್ನನ್ನು ಜಾಸ್ತಿ ಕಾಡುವುದು ಆ ಜೀವಿಯನ್ನು ಬೆನ್ನಟ್ಟಿ ಬಂದು ವಾಲ್ಟನ್‌ನ ಹಡಗಿನಲ್ಲೇ ಸಾಯುತ್ತಿದ್ದ ವಿಕ್ಟರ್. ಅಷ್ಟೆಲ್ಲ ಕಳೆದುಕೊಂಡ ಮೇಲೂ ಹಿಂದೆ ಸರಿಯಬೇಡಿ ಎಂದು ನಾವಿಕರನ್ನು ಹುರಿದುಂಬಿಸುತ್ತಾನೆ. ಕೊನೆಗೆ, ಇಂಥ ಆಸೆ ಬೇಡ ಎನ್ನುತ್ತಾನೆ. ಮರುಕ್ಷಣವೇ, ಇನ್ನೊಬ್ಬ ಗೆಲ್ಲಬಹುದೇನೋ ಎನ್ನುತ್ತಾನೆ.