ಓದುಗರ ಪ್ರಶ್ನೆ: ಜೀನೋಮು, ಪ್ರೋಟೀನು ಮತ್ತು ಕಂಪ್ಯೂಟರಿನ ಲೆಕ್ಕ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು 'ಎಐ ಬಂದಾಯಿತಲ್ಲ, ಇನ್ನೇನು ಉಳಿದಿದೆ?' ಎನ್ನುವ ಧಾಟಿಯವು. ಡಿಎನ್‌ಎ ಓದುವ ಯಂತ್ರ ಕೊಟ್ಟ ರಾಶಿ ಅಕ್ಷರಗಳನ್ನು ಜರಡಿ ಹಿಡಿದು, ಯಾವ ವ್ಯತ್ಯಾಸ ರೋಗಕ್ಕೆ ಕಾರಣ, ಯಾವುದಲ್ಲ ಎಂದು ನೋಡುವುದು ನನ್ನ ದಿನದ ಕೆಲಸ. ಹಾಗಾಗಿ ಉತ್ತರಗಳಲ್ಲಿ ಉತ್ಸಾಹಕ್ಕಿಂತ ತಕರಾರೇ ಜಾಸ್ತಿ ಕಂಡರೆ ಅದು ಕಸುಬಿನ ಗುಣ ಎಂದು ತಿಳಿಯಿರಿ.

ಪ್ರ: ಮೇಡಂ, ನಾನು ನಿವೃತ್ತ ಜೀವಶಾಸ್ತ್ರ ಶಿಕ್ಷಕ. ಮಾನವ ಜೀನೋಮನ್ನು, ಅಂದರೆ ನಮ್ಮ ಡಿಎನ್‌ಎ ಅಕ್ಷರಗಳ ಇಡೀ ಸಾಲನ್ನು, 2003ರಲ್ಲಿ ಪೂರ್ತಿ ಓದಿಯಾಯಿತು ಎಂದು ಮಕ್ಕಳಿಗೆ ಪಾಠ ಮಾಡಿದವನು. 2022ರಲ್ಲಿ 'ಈಗ ಪೂರ್ತಿಯಾಯಿತು' ಎಂದು ಮತ್ತೆ ಸುದ್ದಿ ಬಂತು. ಹಾಗಾದರೆ ನಾನು ಹೇಳಿಕೊಟ್ಟದ್ದು ಸುಳ್ಳೇ?

ಉ: ಸುಳ್ಳಲ್ಲ ಸರ್. ಆಗಿನ ತಂತ್ರಕ್ಕೆ ಎಟುಕುವಷ್ಟನ್ನು ಓದಿ ಮುಗಿಸಿದ್ದರು. ಎಟುಕದೆ ಉಳಿದದ್ದು ಸುಮಾರು ಶೇ 8. ಅದು ಮುಖ್ಯವಾಗಿ ವರ್ಣತಂತುಗಳ ನಡುವಿನ ಸೆಂಟ್ರೋಮಿಯರ್ ಭಾಗ ಮತ್ತು ಒಂದೇ ಸಾಲು ಸಾವಿರಾರು ಸಲ ಮರುಕಳಿಸುವ ಜಾಗಗಳು. ಡಿಎನ್‌ಎಯನ್ನು ಯಾವ ಯಂತ್ರವೂ ತುದಿಯಿಂದ ತುದಿಗೆ ಒಂದೇ ಉಸಿರಿಗೆ ಓದುವುದಿಲ್ಲ. ಚೂರು ಮಾಡಿ ಓದಿ, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಒಂದೇ ಪಲ್ಲವಿ ಐವತ್ತು ಸಲ ಬರುವ ಹಾಡನ್ನು ಎರಡೆರಡು ಸಾಲಿನ ಚೀಟಿಗಳಾಗಿ ಹರಿದು ಕೊಟ್ಟರೆ, ಪಲ್ಲವಿ ಎಷ್ಟು ಸಲ ಬಂತು ಎಂದು ಯಾರು ಹೇಳಬಲ್ಲರು? ಚೀಟಿ ಉದ್ದವಾಗಬೇಕು, ಬೇರೆ ದಾರಿ ಇಲ್ಲ.

ಆ ಉದ್ದದ ಚೀಟಿ ಬಂದದ್ದು ಈಚೆಗೆ. ಒಂದು ಬಗೆಯ ಯಂತ್ರ ಹದಿನೈದು ಇಪ್ಪತ್ತು ಸಾವಿರ ಅಕ್ಷರಗಳನ್ನು ಬಹಳ ಕಡಿಮೆ ತಪ್ಪಿನಿಂದ ಓದುತ್ತದೆ. ನ್ಯಾನೋಪೋರ್ ಎನ್ನುವ ಇನ್ನೊಂದು ಬಗೆಯಲ್ಲಿ ಡಿಎನ್‌ಎ ಎಳೆಯನ್ನು ಒಂದು ಪ್ರೋಟೀನ್ ರಂಧ್ರದೊಳಗೆ ತೂರಿಸಿ, ವಿದ್ಯುತ್ ಪ್ರವಾಹದ ಏರಿಳಿತ ನೋಡಿ ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು ಒಟ್ಟಿಗೆ ಓದಬಹುದು. 2022ರ ತಂಡ ಇನ್ನೊಂದು ಜಾಣತನ ಮಾಡಿತು. ನಮ್ಮೆಲ್ಲರ ಜೀವಕೋಶದಲ್ಲಿ ತಾಯಿಯದೊಂದು, ತಂದೆಯದೊಂದು ಪ್ರತಿ ಇರುವುದರಿಂದ ಎರಡೂ ಕಲಸಿಹೋಗುತ್ತವೆ. ಅವರು ಆರಿಸಿಕೊಂಡದ್ದು ಸಿಎಚ್‌ಎಂ13 ಎಂಬ ಕೋಶಗಳನ್ನು. ವಿಫಲವಾದ ಒಂದು ಗರ್ಭದಿಂದ ಬಂದ ಇವುಗಳಲ್ಲಿ ವೀರ್ಯಾಣುವಿನ ಅರ್ಧ ಪ್ರತಿಯೇ ದ್ವಿಗುಣಗೊಂಡಿರುತ್ತದೆ. ಎರಡೂ ಪ್ರತಿ ಒಂದೇ ಆದ್ದರಿಂದ ಕಲಸುವ ಗೊಡವೆಯಿಲ್ಲ. ಬಂದ ಮೊತ್ತ 305.5 ಕೋಟಿ ಅಕ್ಷರ.

ಆದರೆ ಆ ಕೋಶಗಳಲ್ಲಿ ವೈ ವರ್ಣತಂತು ಇರಲಿಲ್ಲ! ಅದನ್ನು ಬೇರೊಬ್ಬರ ಡಿಎನ್‌ಎಯಿಂದ ಓದಿ ಮುಗಿಸಿದ್ದು 2023ರಲ್ಲಿ, 6.2 ಕೋಟಿ ಚಿಲ್ಲರೆ ಅಕ್ಷರ. ಅದೇ ವರ್ಷ 47 ಜನರ ಜೀನೋಮುಗಳನ್ನು ಒಟ್ಟು ಹೆಣೆದ 'ಪ್ಯಾನ್‌ಜೀನೋಮ್' ಕೂಡ ಬಂತು. ಒಬ್ಬರದನ್ನೇ ಮಾನವಕುಲದ ಮಾದರಿ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಪಾಠದ ಸಾಲನ್ನು ತಿದ್ದುವುದಾದರೆ '2003ರಲ್ಲಿ ಬಹುಪಾಲು, 2022-23ರಲ್ಲಿ ಪೂರ್ತಿ' ಎಂದು ತಿದ್ದಿ.

ಪ್ರ: ಎಂಎಸ್ಸಿ ವಿದ್ಯಾರ್ಥಿನಿ ನಾನು. ಆಲ್ಫಾಫೋಲ್ಡ್ ಎಂಬ ಎಐ ಪ್ರೋಗ್ರಾಮಿನಿಂದಾಗಿ ಪ್ರೋಟೀನ್ ರಚನೆಯ ಸಮಸ್ಯೆ ಮುಗಿದೇಹೋಯಿತು, ಆ ವಿಷಯ ತೆಗೆದುಕೊಂಡರೆ ಭವಿಷ್ಯವಿಲ್ಲ ಎಂದು ಸೀನಿಯರ್‌ಗಳು ಹೇಳುತ್ತಿದ್ದಾರೆ. ನಿಜವೇ?

ಉ: ನಿಮ್ಮ ಸೀನಿಯರ್‌ಗಳು ಆಲ್ಫಾಫೋಲ್ಡ್ ಚಿತ್ರದ ಬಣ್ಣಗಳನ್ನು ಗಮನಿಸಿದಂತಿಲ್ಲ. ಅಲ್ಲಿಗೆ ಆಮೇಲೆ ಬರೋಣ. ಸಾಧನೆ ಸಣ್ಣದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಅದು ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ, ಆ ಆಕಾರವೇ ಅದರ ಕೆಲಸವನ್ನು ನಿರ್ಧರಿಸುತ್ತದೆ. ಅಂಥ ಆಕಾರ ಮೊದಲು ಕಣ್ಣಿಗೆ ಬಿದ್ದದ್ದು ಮಯೋಗ್ಲೋಬಿನ್ ಎಂಬ ಪ್ರೋಟೀನಿನದು, 1958ರಲ್ಲಿ, ಜಾನ್ ಕೆಂಡ್ರೂ ತಂಡದ ಎಕ್ಸ್‌-ರೇ ಕೆಲಸದಿಂದ. 1971ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾದಾಗ ಅದರಲ್ಲಿದ್ದದ್ದು ಏಳೇ ರಚನೆ. ಒಂದೊಂದು ರಚನೆಗೂ ಒಬ್ಬೊಬ್ಬರ ಪಿಎಚ್‌ಡಿ ಸವೆಯುತ್ತಿದ್ದ ಕಾಲ ಅದು. ಸರಪಳಿಯನ್ನು ನೋಡಿಯೇ ಆಕಾರ ಊಹಿಸಬಹುದೇ ಎಂದು 1994ರಿಂದ ಕ್ಯಾಸ್ಪ್ ಎಂಬ ಸ್ಪರ್ಧೆ ನಡೆಯುತ್ತಿದೆ. 2020ರ ಸುತ್ತಿನಲ್ಲಿ ಆಲ್ಫಾಫೋಲ್ಡ್ 2 ನೂರಕ್ಕೆ 92ರ ಆಸುಪಾಸಿನ ಅಂಕ ಪಡೆದಾಗ ಉಳಿದವರು ಪೆಚ್ಚಾದರು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ರಚನೆಗಳ ಊಹೆ ಎಲ್ಲರಿಗೂ ಉಚಿತ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ ಇದಕ್ಕಾಗಿಯೇ ಸಂದಿತು. ಇನ್ನರ್ಧ ಡೇವಿಡ್ ಬೇಕರ್‌ಗೆ. ಅವರದು ತಿರುಗುಮುರುಗು ಕೆಲಸ, ಬೇಕಾದ ಆಕಾರಕ್ಕೆ ಹೊಸ ಪ್ರೋಟೀನನ್ನೇ ರಚಿಸುವುದು.

ಆಲ್ಫಾಫೋಲ್ಡ್‌ನ ಒಳಗುಟ್ಟು ವಿಕಾಸದಲ್ಲಿದೆ. ಒಂದೇ ಪ್ರೋಟೀನನ್ನು ಸಾವಿರಾರು ಜೀವಿಗಳಿಂದ ತಂದು ಸಾಲಾಗಿ ಇಟ್ಟು ನೋಡಿ. 30ನೆಯ ಜಾಗ ಬದಲಾದಾಗಲೆಲ್ಲ 85ನೆಯದೂ ಬದಲಾಗಿದ್ದರೆ, ಮಡಚಿದ ಮೇಲೆ ಅವೆರಡೂ ಅಕ್ಕಪಕ್ಕ ಇರಬೇಕು. ಇಂಥ ಸುಳಿವುಗಳ ಜೊತೆಗೆ, ಅರ್ಧ ಶತಮಾನ ಪ್ರಯೋಗಾಲಯದವರು ಬೆವರು ಸುರಿಸಿ ಕಂಡುಹಿಡಿದ ಸುಮಾರು 1.7 ಲಕ್ಷ ರಚನೆಗಳನ್ನು ಅದಕ್ಕೆ ಕಲಿಸಿದ್ದಾರೆ. ಆ ರಚನೆಗಳಿಲ್ಲದೆ ಆಲ್ಫಾಫೋಲ್ಡ್ ಇಲ್ಲ. ಪ್ರಶಸ್ತಿಯ ಗದ್ದಲದಲ್ಲಿ ಇದನ್ನು ಹೇಳುವವರು ಕಡಿಮೆ.

ಈಗ ಬಣ್ಣಕ್ಕೆ ಬನ್ನಿ. ಇವತ್ತೇ ಆಲ್ಫಾಫೋಲ್ಡ್ ಊಹೆಗಳ ದತ್ತಸಂಚಯ ತೆರೆದು ಪಿ53 ಪ್ರೋಟೀನ್ ಹುಡುಕಿ. ಕ್ಯಾನ್ಸರ್ ತಡೆಯುವ ಈ ಪ್ರೋಟೀನಿನಲ್ಲಿ 393 ಅಮೈನೋ ಆಮ್ಲಗಳಿವೆ. ಡಿಎನ್‌ಎ ಹಿಡಿಯುವ ನಡುಭಾಗ ಗಾಢ ನೀಲಿ: ನೂರಕ್ಕೆ 90ಕ್ಕಿಂತ ಹೆಚ್ಚಿನ ಭರವಸೆ. ಶುರುವಿನ ಭಾಗ ನೋಡಿ, ಬಹುಪಾಲು ಹಳದಿ, ಕಿತ್ತಳೆ. ಗೊತ್ತುಗುರಿಯಿಲ್ಲದೆ ಗಾಳಿಯಲ್ಲಿ ಸುತ್ತಿದ ದಾರದ ಹಾಗೆ ಇರುತ್ತದೆ. ಕಿತ್ತಳೆ ಎಂದರೆ 50ಕ್ಕಿಂತ ಕಡಿಮೆ, ಅಂದರೆ 'ಈ ಭಾಗ ನನ್ನನ್ನು ನಂಬಬೇಡ' ಎಂದು ಕಂಪ್ಯೂಟರೇ ಹೇಳುತ್ತಿದೆ. ನಿಜ ಏನೆಂದರೆ, ಆ ಭಾಗಕ್ಕೆ ಸ್ಥಿರವಾದ ಆಕಾರವೇ ಇಲ್ಲ. ಜೊತೆಗಾರ ಪ್ರೋಟೀನ್ ಸಿಕ್ಕಾಗ ಮಾತ್ರ ಅದರಲ್ಲಿ ಒಂದಿಷ್ಟು ಸುರುಳಿಯಾಗುತ್ತದೆ. ಈ ಕಿತ್ತಳೆ ದಾರವನ್ನೇ ರಚನೆ ಎಂದು ನಂಬಿ ಅದಕ್ಕೆ ಔಷಧದ ಅಣು ಕೂರಿಸಲು ಹೊರಟ ಪ್ರಾಜೆಕ್ಟ್ ವರದಿಗಳು ನನ್ನ ಮೇಜಿಗೂ ಬರುತ್ತವೆ. ಕೆಂಪು ಪೆನ್ನು ಮುಗಿಯುತ್ತದೆ.

ಇನ್ನೊಂದು ಪರೀಕ್ಷೆ. ಅದೇ ಪ್ರೋಟೀನಿನ 175ನೆಯ ಜಾಗದಲ್ಲಿ ಆರ್ಜಿನೀನ್ ತೆಗೆದು ಹಿಸ್ಟಿಡೀನ್ ಹಾಕಿ. ಕ್ಯಾನ್ಸರ್ ಗೆಡ್ಡೆಗಳಲ್ಲಿ ಮತ್ತೆ ಮತ್ತೆ ಸಿಗುವ ಬದಲಾವಣೆ ಇದು. ಸತುವನ್ನು ಹಿಡಿದಿಡುವ ಜಾಗ ಕದಡಿ ಪ್ರೋಟೀನು ಕೆಡುತ್ತದೆ. ಆಲ್ಫಾಫೋಲ್ಡ್‌ಗೆ ಆ ಸರಪಳಿ ಕೊಟ್ಟರೆ ಹೆಚ್ಚುಕಮ್ಮಿ ಹಳೆಯ ಚಿತ್ರವನ್ನೇ ನೀಟಾಗಿ ಬಿಡಿಸಿಕೊಡುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಹಿಡಿದಾಗ ಒಂದು ಆಕಾರ, ಬಿಟ್ಟಾಗ ಇನ್ನೊಂದು. ನಿಂತ ಚಿತ್ರವೊಂದು ಆ ಚಲನೆಯನ್ನು ಹೇಗೆ ಹೇಳೀತು? 2024ರ ಆಲ್ಫಾಫೋಲ್ಡ್ 3 ಡಿಎನ್‌ಎ, ಆರ್‌ಎನ್‌ಎ, ಸಣ್ಣ ಅಣುಗಳನ್ನೂ ಸೇರಿಸಿ ಊಹಿಸುತ್ತದೆ. ಹಾಗಿದ್ದರೂ ಊಹೆ ಊಹೆಯೇ.

ಆದ್ದರಿಂದ ವಿಷಯ ತೆಗೆದುಕೊಳ್ಳಿ. ಹೆಪ್ಪುಗಟ್ಟಿಸಿದ ಪ್ರೋಟೀನುಗಳ ಚಿತ್ರ ತೆಗೆಯುವ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಕಲಿಯಿರಿ, ಜೊತೆಗೆ ಪೈಥಾನ್ ಪ್ರೋಗ್ರಾಮಿಂಗ್ ಕೂಡ. ಮತ್ತೆ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ ನಕ್ಷೆಯನ್ನು ಅರ್ಥಮಾಡಿಕೊಳ್ಳಿ. ಸರಪಳಿಯ ಪ್ರತಿ ಕೊಂಡಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂಬ ಲೆಕ್ಕ ಅದು. ರಚನೆಯನ್ನು ಯಂತ್ರ ಊಹಿಸಲಿ, ಮನುಷ್ಯ ಕಂಡುಹಿಡಿಯಲಿ, ಸರಿಯಿದೆಯೇ ಎಂದು ಇವತ್ತಿಗೂ ಆ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

ಪ್ರ: ಜೀನೋಮ್ ಗೊತ್ತಿದ್ದರೆ ಪ್ರೋಟೀನುಗಳೂ ಗೊತ್ತಾದಂತೆ ತಾನೇ? ಪ್ರೋಟೀನುಗಳನ್ನು ಒಟ್ಟಾಗಿ ಅಳೆಯಲು ಪ್ರೋಟಿಯೋಮಿಕ್ಸ್ ಎಂದು ಬೇರೆ ಶಾಸ್ತ್ರ ಏಕೆ?

ಉ: ಕಂಬಳಿಹುಳಕ್ಕೂ ಅದೇ ಚಿಟ್ಟೆಯಾದಾಗಲೂ ಜೀನೋಮ್ ಒಂದೇ. ಯಾವ ಪ್ರೋಟೀನು, ಯಾವಾಗ, ಎಷ್ಟು ತಯಾರಾಗುತ್ತದೆ ಎಂಬುದರಲ್ಲಿ ವ್ಯತ್ಯಾಸ. ನಮ್ಮಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳು ಇಪ್ಪತ್ತು ಸಾವಿರದಷ್ಟಿವೆ, ಆದರೆ ಒಂದೇ ಜೀನಿನಿಂದ ಹಲವು ರೂಪ, ಅವಕ್ಕೆ ಆಮೇಲೆ ಫಾಸ್ಫೇಟು, ಸಕ್ಕರೆಗಳ ಅಂಟು, ಹೀಗೆ ಬಗೆಗಳು ಬೆಳೆಯುತ್ತವೆ.

ಅಳೆಯುವುದು ಕಷ್ಟ. ಡಿಎನ್‌ಎ ಸಾಲದಿದ್ದರೆ ಪಿಸಿಆರ್ ಮಾಡಿ ಕೋಟಿಗಟ್ಟಲೆ ಪ್ರತಿ ಮಾಡಿಕೊಳ್ಳಬಹುದು. ಪ್ರೋಟೀನಿಗೆ ಆ ಉಪಾಯ ಇಲ್ಲ, ಇದ್ದಷ್ಟರಲ್ಲೇ ಅಳೆಯಬೇಕು. ರಕ್ತದ ಪ್ಲಾಸ್ಮಾದ ಪ್ರೋಟೀನಿನಲ್ಲಿ ಅರ್ಧಕ್ಕರ್ಧ ಆಲ್ಬುಮಿನ್ ಒಂದೇ ತುಂಬಿರುತ್ತದೆ. ಅದರ ಸಾವಿರ ಕೋಟಿಯಲ್ಲೊಂದು ಪಾಲಿನಷ್ಟಿರುವ ಸಂದೇಶ ಪ್ರೋಟೀನುಗಳೇ ನಮಗೆ ಬೇಕಾದವು. ಹಳೆಯ, ಗಟ್ಟಿ ವಿಧಾನ ಮಾಸ್ ಸ್ಪೆಕ್ಟ್ರೋಮೆಟ್ರಿ. ಟ್ರಿಪ್ಸಿನ್ ಕಿಣ್ವದಿಂದ ಪ್ರೋಟೀನನ್ನು ಲೈಸೀನ್, ಆರ್ಜಿನೀನ್ ಇರುವ ಕಡೆಗಳಲ್ಲಿ ಕತ್ತರಿಸಿ, ತುಂಡುಗಳಿಗೆ ವಿದ್ಯುದಾವೇಶ ಕೊಟ್ಟು ಹಾರಿಸಿ, ತೂಗಿ, ಒಡೆದು, ಮತ್ತೆ ತೂಗುತ್ತಾರೆ. ಆ ತೂಕಗಳು ಯಾವ ಪ್ರೋಟೀನಿಗೆ ಹೊಂದುತ್ತವೆ ಎಂದು ಹುಡುಕಲು ಬೇಕಾದ ಪಟ್ಟಿ ಬರುವುದು ಮಾತ್ರ ಜೀನೋಮಿನಿಂದಲೇ. ಪ್ರತಿಕಾಯಗಳನ್ನು ಬಳಸುವ ಹೊಸ ವಿಧಾನದಲ್ಲಿ, 2023ರಲ್ಲಿ ಪ್ರಕಟವಾದ ಯುಕೆ ಬಯೋಬ್ಯಾಂಕ್ ಅಧ್ಯಯನ 54 ಸಾವಿರಕ್ಕೂ ಹೆಚ್ಚು ಜನರ ರಕ್ತದಲ್ಲಿ 2,900ಕ್ಕೂ ಹೆಚ್ಚು ಪ್ರೋಟೀನುಗಳನ್ನು ಅಳೆಯಿತು.

ಎರಡೂ ಸೇರಿದಾಗಲೇ ಔಷಧ. ಪಿಸಿಎಸ್‌ಕೆ9 ಎಂಬ ಜೀನು ಕೆಲವು ಕುಟುಂಬಗಳ ವಿಪರೀತ ಕೊಲೆಸ್ಟರಾಲಿಗೆ ಕಾರಣ ಎಂದು 2003ರಲ್ಲಿ ಗೊತ್ತಾಯಿತು. ಅದೇ ಜೀನು ಕೆಟ್ಟು ಕೂತವರಲ್ಲಿ ಕೊಲೆಸ್ಟರಾಲ್ ಕಡಿಮೆ, ಹೃದ್ರೋಗವೂ ಕಡಿಮೆ ಎಂದು ಆಮೇಲೆ ಕಂಡಿತು. ಆ ಪ್ರೋಟೀನನ್ನು ಕಟ್ಟಿಹಾಕುವ ಚುಚ್ಚುಮದ್ದು 2015ಕ್ಕೆ ಬಂತು.

ಪ್ರ: ಅಕ್ಕನಿಗೆ ಸ್ತನ ಕ್ಯಾನ್ಸರ್ ಆದದ್ದರಿಂದ ನಾನೂ ಜೀನ್ ಪರೀಕ್ಷೆ ಮಾಡಿಸಿದೆ. ಬಿಆರ್‌ಸಿಎ1 ಎಂಬ ಜೀನಿನಲ್ಲಿ 'ಮಹತ್ವ ಅನಿಶ್ಚಿತವಾದ ವ್ಯತ್ಯಾಸ' ಎಂದು ವರದಿ. ನಾನೇ ಆಲ್ಫಾಮಿಸೆನ್ಸ್ ಎಂಬ ಎಐ ಪಟ್ಟಿಯಲ್ಲಿ ಹುಡುಕಿದರೆ 'ಪ್ರಾಯಶಃ ರೋಗಕಾರಕ' ಎಂದಿದೆ. ನಿದ್ದೆ ಬರುತ್ತಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇ?

ಉ: ಈ ವರದಿ ಒಂದನ್ನೇ ನಂಬಿ ಶಸ್ತ್ರಚಿಕಿತ್ಸೆ ಬೇಡ. ಇದು ನನ್ನ ಸ್ವಂತ ಮಾತಲ್ಲ, ಅನಿಶ್ಚಿತ ವ್ಯತ್ಯಾಸದ ಆಧಾರದಲ್ಲಿ ಚಿಕಿತ್ಸೆ ನಿರ್ಧರಿಸಬಾರದೆಂದು 2015ರಿಂದ ಜಗತ್ತಿನ ಪ್ರಯೋಗಾಲಯಗಳು ಅನುಸರಿಸುತ್ತಿರುವ ಮಾರ್ಗಸೂಚಿಯೇ ಹೇಳುತ್ತದೆ. ಅದರಲ್ಲಿ ಐದು ಮೆಟ್ಟಿಲು: ನಿರಪಾಯ, ಪ್ರಾಯಶಃ ನಿರಪಾಯ, ಅನಿಶ್ಚಿತ, ಪ್ರಾಯಶಃ ರೋಗಕಾರಕ, ರೋಗಕಾರಕ. ನೀವು ನಡುವಿನ ಮೆಟ್ಟಿಲಲ್ಲಿದ್ದೀರಿ. ಪರೀಕ್ಷೆ ಕೆಟ್ಟ ಸುದ್ದಿ ಕೊಟ್ಟಿಲ್ಲ, ಸುದ್ದಿಯನ್ನೇ ಕೊಟ್ಟಿಲ್ಲ.

2023ರ ಆಲ್ಫಾಮಿಸೆನ್ಸ್ ಒಂದು ಅಮೈನೋ ಆಮ್ಲ ಬದಲಾಗುವ 7.1 ಕೋಟಿ ಸಾಧ್ಯತೆಗಳಿಗೆ ಅಂಕ ಕೊಟ್ಟು, ಶೇ 89ರಷ್ಟನ್ನು ಆ ಕಡೆ ಅಥವಾ ಈ ಕಡೆ ಹಾಕಿತು. ನಾನೂ ದಿನಾ ಬಳಸುತ್ತೇನೆ. ಸಾವಿರ ವ್ಯತ್ಯಾಸಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂದು ಆರಿಸಲು ಬಹಳ ಒಳ್ಳೆಯದು. ಆದರೆ ಅದರ ಅಂಕ ಪ್ರೋಟೀನಿನ ಬಗ್ಗೆ, ನಿಮ್ಮ ಬಗ್ಗೆ ಅಲ್ಲ. ವರ್ಗೀಕರಣದಲ್ಲಿ ಅದು ಹಲವು ಸಾಕ್ಷಿಗಳಲ್ಲಿ ಒಂದು ಅಷ್ಟೆ, ಒಂಟಿಯಾಗಿ ತೀರ್ಪು ಕೊಡಲಾರದು.

ಉಳಿದ ಸಾಕ್ಷಿಗಳು ಏನು? ಆ ವ್ಯತ್ಯಾಸ ಆರೋಗ್ಯವಂತರಲ್ಲಿ ಎಷ್ಟು ಮಂದಿಗಿದೆ ಎಂಬುದು ಮೊದಲನೆಯದು. ಹಲವರಿಗೆ ಇದ್ದು ಏನೂ ಆಗಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲೊಂದು ಅನ್ಯಾಯವಿದೆ: ಜೀನೋಮಿಗೂ ರೋಗಕ್ಕೂ ನಂಟು ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ 79ರಷ್ಟು ಯುರೋಪ್ ಮೂಲದವರೇ ಎಂದು 2019ರ ಲೆಕ್ಕ. ಉಳಿದವರ ವರದಿಗಳಲ್ಲಿ 'ಅನಿಶ್ಚಿತ' ಎಂಬ ಷರಾ ಹೆಚ್ಚು ಬೀಳಲು ಇದೂ ಒಂದು ಕಾರಣ. ಎರಡನೆಯದು, ನಿಮ್ಮ ಅಕ್ಕನಿಗೆ ಅದೇ ವ್ಯತ್ಯಾಸ ಇದೆಯೇ? ಇದನ್ನು ನೀವು ಬರೆದಿಲ್ಲ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದೇ. ಅವರಿಗೆ ಇಲ್ಲದಿದ್ದರೆ ಅವರ ಕ್ಯಾನ್ಸರಿಗೂ ನಿಮ್ಮ ಈ ಅಕ್ಷರಕ್ಕೂ ಸಂಬಂಧ ಇಲ್ಲ.

ಮೂರನೆಯದು ಪ್ರಯೋಗ. ಬಿಆರ್‌ಸಿಎ1ರ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. 2018ರಲ್ಲಿ ಒಂದು ತಂಡ ಆ ಜೀನಿನ ಮುಖ್ಯ ಭಾಗಗಳಲ್ಲಿ ಸುಮಾರು 4,000 ಒಂಟಿ ಅಕ್ಷರ ಬದಲಾವಣೆಗಳನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ ಜೀವಕೋಶಗಳಲ್ಲಿ ಮಾಡಿ ನೋಡಿತು. ಬಿಆರ್‌ಸಿಎ1 ಕೆಟ್ಟರೆ ಸಾಯುವಂಥ ಕೋಶಗಳನ್ನೇ ಅವರು ಬಳಸಿದ್ದರು. ಯಾವ ಬದಲಾವಣೆ ಇದ್ದ ಕೋಶ ಬದುಕಿತು, ಯಾವುದು ಸತ್ತಿತು ಎಂದು ಎಣಿಸಿದರೆ ಉತ್ತರ ಸಿಗುತ್ತದೆ. ನಿಮ್ಮ ವ್ಯತ್ಯಾಸ ಆ ಪಟ್ಟಿಯಲ್ಲಿದೆಯೇ, ವರದಿ ಬರೆದವರು ಅದನ್ನು ನೋಡಿದ್ದಾರೆಯೇ ಎಂದು ಜೆನೆಟಿಕ್ ಕೌನ್ಸೆಲರ್ ಮೂಲಕ ಕೇಳಿಸಿ. ವರ್ಷಕ್ಕೊಮ್ಮೆ ಮರುಪರಿಶೀಲನೆಗೂ ಕೇಳಿ. ಮರುವರ್ಗೀಕರಣವಾದ ಅನಿಶ್ಚಿತಗಳಲ್ಲಿ ಬಹುಪಾಲು ನಿರಪಾಯದ ಕಡೆಗೇ ಇಳಿದಿವೆ. ಈ ನಡುವೆ ಕುಟುಂಬದ ಇತಿಹಾಸ ನೋಡಿ ವೈದ್ಯರು ಹೇಳುವ ತಪಾಸಣೆ ತಪ್ಪಿಸಬೇಡಿ. ಅದಕ್ಕೂ ಈ ವರದಿಗೂ ಸಂಬಂಧವಿಲ್ಲ.

ಪ್ರ: ಎಐ ಈಗ ಹೊಸ ವೈರಸ್ಸನ್ನೇ ಬರೆಯಿತಂತೆ. ಭಯಪಡಬೇಕೇ?

ಉ: ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕುವ ವೈರಸ್ ಅದು. ಮಾದರಿಯಾಗಿ ಇಟ್ಟುಕೊಂಡದ್ದು ಫೈ ಎಕ್ಸ್ 174, ಐದು ಸಾವಿರ ಚಿಲ್ಲರೆ ಅಕ್ಷರದ ಪುಟ್ಟ ಜೀನೋಮ್. ಫ್ರೆಡ್ ಸ್ಯಾಂಗರ್ 1977ರಲ್ಲಿ ಓದಿದ್ದು ಇದನ್ನೇ. 2025ರಲ್ಲಿ ಇವೋ ಎಂಬ ಎಐ ಮಾದರಿಗಳು ಬರೆದ ನೂರಾರು ಜೀನೋಮುಗಳಲ್ಲಿ 16 ಜೀವ ತಳೆದವು. ಉಳಿದವು ಕೆಲಸ ಮಾಡಲಿಲ್ಲ ಎಂಬುದನ್ನೂ ಸುದ್ದಿಯ ಜೊತೆ ಓದಿಕೊಳ್ಳಿ. ಸುರಕ್ಷತೆಗಾಗಿ ಮನುಷ್ಯ, ಪ್ರಾಣಿ, ಸಸ್ಯಗಳ ವೈರಸ್ಸುಗಳನ್ನು ಈ ಮಾದರಿಗಳಿಗೆ ಕಲಿಸದೆ ಬಿಟ್ಟಿದ್ದರು. ಮುಂದೆ ಬರುವವರೂ ಹಾಗೆಯೇ ಬಿಡುತ್ತಾರೆ ಎಂದು ಯಾರೂ ಬರೆದುಕೊಟ್ಟಿಲ್ಲ. ಡಿಎನ್‌ಎ ತಯಾರಿಸಿಕೊಡುವ ಕಂಪನಿಗಳು ಬಂದ ಆರ್ಡರುಗಳನ್ನು ತಪಾಸಣೆ ಮಾಡುವುದನ್ನು ಕಾನೂನಾಗಿ ಕಡ್ಡಾಯ ಮಾಡಬೇಕು ಎನ್ನುವವರ ಪಕ್ಷ ನನ್ನದು.

ಪ್ರ: ಪ್ರಾಜೆಕ್ಟಿನ ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಕೆಲವು ಕಡೆ ಜೀನಿನ ಹೆಸರಿಗೆ ಬದಲು '1-ಮಾರ್ಚ್', '2-ಸೆಪ್ಟೆಂಬರ್' ಎಂದು ಬಂದಿದೆ. ಸಾಫ್ಟ್‌ವೇರ್ ದೋಷವೇ?

ಉ: ಹಳೆಯ ಕಾಯಿಲೆ. ಮಾರ್ಚ್1, ಸೆಪ್ಟ್2 ಎಂಬ ಜೀನುಗಳಿದ್ದವು. ಎಕ್ಸೆಲ್ ಅವನ್ನು ದಿನಾಂಕ ಎಂದುಕೊಳ್ಳುತ್ತದೆ. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಪ್ರಬಂಧಗಳಲ್ಲಿ ಐದರಲ್ಲೊಂದರಲ್ಲಿ ಈ ಬಗೆಯ ತಪ್ಪಿದೆ ಎಂದು 2016ರಲ್ಲೇ ಲೆಕ್ಕ ಹಾಕಿದ್ದರು. ಎಕ್ಸೆಲ್ ಬದಲಾಗುವುದನ್ನು ಕಾದು ಸಾಕಾಗಿ, ಕೊನೆಗೆ ಹೆಸರಿಡುವ ಸಮಿತಿಯೇ ಸೋತು ಜೀನುಗಳ ಹೆಸರನ್ನು ಮಾರ್ಚ್‌ಎಫ್1, ಸೆಪ್ಟಿನ್2 ಎಂದು ಬದಲಿಸಿತು. ಅದರ ಸುದ್ದಿ 2020ರದು. 2023ರಲ್ಲಿ ಎಕ್ಸೆಲ್ ಕೂಡ ಈ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ ಕೊಟ್ಟಿತು. ನಿಮ್ಮ ಪಟ್ಟಿ ಹಳೆಯ ಹೆಸರುಗಳದ್ದು. ಈಗ ತೆರೆದದ್ದನ್ನು ಸೇವ್ ಮಾಡದೆ ಮುಚ್ಚಿ. ಮೂಲ ಕಡತವನ್ನು ಡಬಲ್ ಕ್ಲಿಕ್ ಮಾಡದೆ ಇಂಪೋರ್ಟ್ ಮೂಲಕ ತಂದು, ಜೀನಿನ ಕಾಲಮ್ಮನ್ನು 'ಟೆಕ್ಸ್ಟ್' ಎಂದು ಗುರುತಿಸಿ. ಸೇವ್ ಮಾಡಿಯಾಗಿದ್ದರೆ ಮೂಲ ಕಡತವನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಿ. ದಿನಾಂಕದಿಂದ ಹಿಂದಕ್ಕೆ ಊಹಿಸಲು ಹೋಗಬೇಡಿ, ಏಕೆಂದರೆ '1-ಮಾರ್ಚ್' ಆಗುವ ಜೀನುಗಳು ಎರಡಿದ್ದವು.